ಕೊಡಗಿನ ಕಕ್ಕಡ ತಿಂಗಳ ಮಳೆ, ಕೆಟ್ಟ ನಿದ್ದೆ, ಬೆಳಕಿನ ಕನ್ನಡಕ: ಬಳಸಿದವರು ಹೇಳಿ

ನಾಪೋಕ್ಲು_ತೋಟದಮನೆ · ಜುಲೈ 24

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಆದರೂ ಪೂರ್ತಿ ಓದಿ.

ಎರಡು ವರ್ಷದ ಹಿಂದೆ ಬೆಂಗಳೂರು ಬಿಟ್ಟು ಊರಿಗೆ ಬಂದೆ. ಅಪ್ಪ ಮನೆಯಲ್ಲಿ ಒಬ್ಬರೇ ಇದ್ದರು. ನನ್ನ ಕೆಲಸ ಅಮೆರಿಕದ ಗಿರಾಕಿಗಳ ಜೊತೆ. ಸಂಜೆ ಆರೂವರೆಗೆ ಕೂತರೆ ಬೆಳಗಿನ ಜಾವ ಮೂರೂವರೆಗೆ ಏಳುವುದು. ಮಲಗಿದರೆ ಮಧ್ಯಾಹ್ನ ಹನ್ನೆರಡಕ್ಕೆ ಎಚ್ಚರ. ಬೇಸಿಗೆಯಲ್ಲಿ ಇದು ಹೇಗೋ ನಡೆಯುತ್ತದೆ. ಜೂನ್ ಬಂತೆಂದರೆ ನಾನು ಬೇರೆಯೇ ಮನುಷ್ಯ. ಎದ್ದಾಗ ಹೊರಗೆ ಕತ್ತಲು ಕತ್ತಲು. ಮಂಜು ಜಗಲಿಯ ಒಳಗೇ ಬಂದು ಕೂತಿರುತ್ತದೆ. ಊಟ ಬೇಡ, ಮಾತು ಬೇಡ, ಫೋನ್ ಬಂದರೆ ತೆಗೆಯಲು ಕೈ ಹೋಗುವುದಿಲ್ಲ. ಅಪ್ಪ ದಿನಾ ಬೆಳಗ್ಗೆ ಮಳೆ ಅಳೆದು ನೋಟ್‌ಬುಕ್ಕಿನಲ್ಲಿ ಇಂಚು, ಸೆಂಟ್ (ಇಂಚಿನ ನೂರರಲ್ಲೊಂದು ಪಾಲು) ಬರೆಯುತ್ತಾರೆ. "ಇವತ್ತು ನಾಲ್ಕು ಇಂಚು ಇಪ್ಪತ್ತು ಸೆಂಟ್" ಅಂತ ಅವರು ಖುಷಿಯಿಂದ ಹೇಳುವಾಗ ನನಗೆ ಅಳು ಬರುತ್ತಿತ್ತು.

ಜರ್ಮನಿಯಲ್ಲಿರುವ ಅಕ್ಕ ಇದನ್ನು ಕೇಳಿ ಒಂದು ಬೆಳಕಿನ ಕನ್ನಡಕ ಕಳಿಸಿದಳು. ಗಾಜು ಇಲ್ಲ, ಹಣೆಯ ಹತ್ತಿರ ಒಂದು ಪಟ್ಟಿ ಇದೆ, ಅದರಿಂದ ಬಿಳಿ-ನೀಲಿ ಬೆಳಕು ಮೇಲಿಂದ ಕಣ್ಣಿಗೆ ಬೀಳುತ್ತದೆ. ಮೊದಲ ದಿನ ಬಹಳ ಆಸೆಯಿಂದ ಹಾಕಿಕೊಂಡೆ. ರಾತ್ರಿ ಹನ್ನೆರಡರಿಂದ ಒಂದರ ತನಕ, ಯಾಕೆಂದರೆ ನನಗೆ ತೂಕಡಿಕೆ ಬರುವುದು ಆ ಹೊತ್ತಿಗೆ. ನಿಜಕ್ಕೂ ಎಚ್ಚರ ಬಂತು! ಆದರೆ ಹತ್ತು ದಿನ ಆಯ್ತು, ಈಗ ಬೆಳಗ್ಗೆ ಏಳಾದರೂ ನಿದ್ದೆ ಹತ್ತುವುದಿಲ್ಲ. ಏಳುವುದು ಮೂರು ಗಂಟೆಗೆ. ಮನಸ್ಸು ಮೊದಲಿಗಿಂತ ಕೆಟ್ಟಿದೆ.

ವಸ್ತುವೇ ಸರಿ ಇಲ್ಲವೋ, ನಾನು ಬಳಸಿದ್ದು ತಪ್ಪೋ? ಯಾರಾದರೂ ಅನುಭವ ಇದ್ದವರು ಹೇಳಿ.

ಭಾಗಮಂಡಲ_ಮಳೆ · ಜುಲೈ 24

ತಮ್ಮಾ, ನಮ್ಮ ಕಡೆ ಮಳೆಗಾಲದಲ್ಲಿ ಎಲ್ಲರಿಗೂ ಹೀಗೇ ಇರುತ್ತದೆ. ನಮ್ಮ ಹಿರಿಯರು ಕನ್ನಡಕ ಹಾಕಿಕೊಂಡು ಕಕ್ಕಡ ಕಳೆದರಾ? ನಾಟಿ ಕೆಲಸಕ್ಕೆ ಬೆಳಗ್ಗೆಯೇ ಗದ್ದೆಗೆ ಇಳಿಯುತ್ತಿದ್ದರು, ಕಣಿಲೆ, ಏಡಿ, ಕೆಸ ಬಿಸಿಬಿಸಿ ಊಟ ಮಾಡುತ್ತಿದ್ದರು, ಎಂಟಕ್ಕೆ ಮಲಗುತ್ತಿದ್ದರು. ನೀನು ಬೆಳಗ್ಗೆ ಎದ್ದು ಹೊರಗೆ ಹೋಗು. ಅಷ್ಟು ಸಾಕು.

ಮಡಿಕೇರಿ_ಬಯಾಲಜಿ_ಮೇಷ್ಟ್ರು · ಜುಲೈ 25

ಭಾಗಮಂಡಲದವರು ಹೇಳಿದ್ದರಲ್ಲಿ ಒಂದು ದೊಡ್ಡ ನಿಜ ಇದೆ, ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ತಮ್ಮನ ಪ್ರಶ್ನೆ.

ವಸ್ತು ಸರಿ ಇದೆ. ಹೊತ್ತು ತಪ್ಪಿದೆ.

ನೀನು ಕಾಫಿಯವರ ಮನೆಯವನು, ನಿನಗೆ ಹೂಮಳೆ ಗೊತ್ತು. ಮಾರ್ಚ್‌ನಲ್ಲಿ ಒಂದು ಇಂಚು ಬಿದ್ದರೆ ತೋಟ ಪೂರ್ತಿ ಬೆಳ್ಳಗೆ ಅರಳುತ್ತದೆ. ಅದೇ ಒಂದು ಇಂಚು ಜನವರಿಯಲ್ಲಿ ಬಿದ್ದರೆ? ಕಣದಲ್ಲಿ ಹರಡಿದ ಹಣ್ಣು ಹಾಳು, ಗಿಡದಲ್ಲಿ ಹಣ್ಣು ಇರುವಾಗಲೇ ಹೂ. ನೀರು ಅದೇ, ಅಳತೆಯೂ ಅದೇ. ಬೆಳಕೂ ಹಾಗೇ.

ನಮ್ಮ ತಲೆಯೊಳಗೆ, ಎರಡು ಕಣ್ಣಿನ ನರಗಳು ಒಂದಕ್ಕೊಂದು ದಾಟಿಹೋಗುವ ಜಾಗದ ಸ್ವಲ್ಪ ಮೇಲೆ, ಸುಮಾರು 20,000 ಜೀವಕೋಶಗಳ ಒಂದು ಪುಟ್ಟ ಗುಂಪು ಇದೆ. ಅದೇ ದೇಹದ ಗಡಿಯಾರ. ಯಾವಾಗ ನಿದ್ದೆ, ಯಾವಾಗ ಹಸಿವು, ಮೈ ಬಿಸಿ ಯಾವಾಗ ಏರಬೇಕು, ಯಾವಾಗ ಇಳಿಯಬೇಕು ಎಲ್ಲ ಅದರ ಲೆಕ್ಕ. ಹೆಚ್ಚಿನವರಲ್ಲಿ ಈ ಗಡಿಯಾರ 24 ಗಂಟೆಗಿಂತ ಸ್ವಲ್ಪ ನಿಧಾನ. ಬಿಟ್ಟರೆ ದಿನಾ ಕೆಲವು ನಿಮಿಷ ಹಿಂದೆ ಬೀಳುತ್ತದೆ. ಅದನ್ನು ದಿನಾ ಸರಿಪಡಿಸುವುದು ಕಣ್ಣಿಗೆ ಬೀಳುವ ಬೆಳಕು. ಗಡಿಯಾರದ ಒಳಗಿನ ಜೀನುಗಳು ಹೇಗೆ ಕೆಲಸ ಮಾಡುತ್ತವೆ ಎಂದು ಹಣ್ಣಿನ ನೊಣದಲ್ಲಿ ತೋರಿಸಿದ್ದಕ್ಕೆ ಹಾಲ್, ರಾಸ್‌ಬಾಶ್, ಯಂಗ್ ಮೂವರಿಗೆ 2017ರಲ್ಲಿ ನೊಬೆಲ್ ಬಂತು.

ಕಣ್ಣಿನಲ್ಲಿ ನೋಡುವ ಕೋಶಗಳು ಬೇರೆ, ಗಡಿಯಾರಕ್ಕೆ ಸುದ್ದಿ ಮುಟ್ಟಿಸುವ ಕೋಶಗಳು ಬೇರೆ. ಇದು ನನಗೆ ಈಗಲೂ ಆಶ್ಚರ್ಯ. ನಾನು ಪಾಠ ಮಾಡಲು ಶುರು ಮಾಡಿದ ಕಾಲದ ಪುಸ್ತಕದಲ್ಲಿ ರಾಡ್, ಕೋನ್ ಎಂಬ ಎರಡೇ ಬಗೆಯ ಬೆಳಕಿನ ಕೋಶ ಇದ್ದವು. 2002ರಲ್ಲಿ ಡೇವಿಡ್ ಬರ್ಸನ್ ತಂಡ ಮೂರನೆಯದನ್ನು ತೋರಿಸಿತು. ಆ ಕೋಶಗಳಲ್ಲಿ ಮೆಲನಾಪ್ಸಿನ್ ಎಂಬ ಬಣ್ಣದ ವಸ್ತು ಇದೆ. ಅದಕ್ಕೆ ಜಾಸ್ತಿ ತಾಗುವುದು ಆಕಾಶದ ನೀಲಿ, ಸುಮಾರು 480 ನ್ಯಾನೋಮೀಟರ್. ಪೂರ್ತಿ ಕುರುಡರಾದ ಕೆಲವರಲ್ಲೂ ಈ ದಾರಿ ತೆರೆದೇ ಇರುತ್ತದೆ. ನಿನ್ನ ಕನ್ನಡಕದ ಬೆಳಕು ನೀಲಿ ಕಡೆಗೆ ವಾಲಿರುವುದು ಇದೇ ಕಾರಣಕ್ಕೆ.

ಈಗ ಹೊತ್ತಿನ ವಿಷಯ. ನೀನು ತಾನಾಗಿ ಏಳುವ ಹೊತ್ತಿಗೆ ಎರಡು ಮೂರು ಗಂಟೆ ಮೊದಲು ಮೈಯ ಬಿಸಿ ಅತಿ ಕಡಿಮೆ ಇರುತ್ತದೆ. ಆ ಗಳಿಗೆಗೆ ಮೊದಲು ಜೋರು ಬೆಳಕು ಬಿದ್ದರೆ ಗಡಿಯಾರ ಹಿಂದಕ್ಕೆ, ಅಂದರೆ ನಿದ್ದೆ ಇನ್ನೂ ತಡ. ಅದು ಕಳೆದ ಮೇಲೆ ಬಿದ್ದರೆ ಗಡಿಯಾರ ಮುಂದಕ್ಕೆ, ಅಂದರೆ ನಿದ್ದೆ ಬೇಗ. ನೀನು ಮಧ್ಯರಾತ್ರಿ ಹಾಕಿಕೊಂಡೆ. ಗಡಿಯಾರಕ್ಕೆ "ಇನ್ನೂ ಸಂಜೆ, ಮಲಗಬೇಡ" ಎಂದು ದಿನಾ ಒಂದು ಗಂಟೆ ಹೇಳಿದ ಹಾಗಾಯಿತು. ಅದು ಕೇಳಿತು, ಅಷ್ಟೇ.

ನಾಪೋಕ್ಲು_ತೋಟದಮನೆ · ಜುಲೈ 25

ಸರ್, ಹೂಮಳೆ ಅಂದ ತಕ್ಷಣ ಅರ್ಥ ಆಯ್ತು. ಹಾಗಾದರೆ ನಾನು ಬೆಳಗ್ಗೆ ಏಳಕ್ಕೆ ಹಾಕಬೇಕಾ? ಎಲ್ಲ ಕಡೆ "ಬೆಳಗ್ಗೆ" ಅಂತಲೇ ಬರೆದಿದೆ.

ಮಡಿಕೇರಿ_ಬಯಾಲಜಿ_ಮೇಷ್ಟ್ರು · ಜುಲೈ 25

ಬೇಡ ಬೇಡ! ಬೆಳಗ್ಗೆ ಏಳು ಅಂದರೆ ನಿನ್ನ ದೇಹಕ್ಕೆ ಈಗ ನಡುರಾತ್ರಿಗಿಂತ ಮುಂಚೆ. ನಿನ್ನ ಬೆಳಗ್ಗೆ ಅಂದರೆ ನೀನು ಏಳುವ ಹೊತ್ತು. ಈಗ ಮೂರಕ್ಕೆ ಏಳುತ್ತೀಯಾ, ಮೂರಕ್ಕೇ ಹಾಕು. ಎರಡು ಮೂರು ದಿನಕ್ಕೊಮ್ಮೆ ಕಾಲು ಗಂಟೆ, ಅರ್ಧ ಗಂಟೆ ಬೇಗ ಮಾಡು. ಅಲಾರಂ ಅದಕ್ಕೆ ತಕ್ಕ ಹಾಗೆ. ಹನ್ನೆರಡಕ್ಕೆ ಬಂದು ನಿಲ್ಲಲಿ. ರಾತ್ರಿ ಒಂದರ ನಂತರ ರೂಮಿನ ಲೈಟ್ ಕಡಿಮೆ ಮಾಡು, ಸ್ಕ್ರೀನ್ ಮಂಕು ಮಾಡು. ಮಲಗುವ ಕೋಣೆಗೆ ದಪ್ಪ ಪರದೆ. ಈ ಕತ್ತಲಿನ ಭಾಗವನ್ನು ಬಿಟ್ಟು ಬರೀ ಬೆಳಕಿನ ಭಾಗ ಮಾಡಿದರೆ ಅರ್ಧ ಕೆಲಸ.

ಇನ್ನೊಂದು. ನಿನ್ನಪ್ಪನ ಮಳೆ ನೋಟ್‌ಬುಕ್ ಇದೆಯಲ್ಲ, ಅದರ ಪಕ್ಕದ ಕಾಲಂನಲ್ಲಿ ನಿದ್ದೆ ಹತ್ತಿದ ಹೊತ್ತು, ಎದ್ದ ಹೊತ್ತು ಬರಿ. ನಿದ್ದೆಯ ವೈದ್ಯರು ಮೊದಲು ಕೇಳುವುದು ಇದನ್ನೇ.

ವಿರಾಜಪೇಟೆ_ಕಣ್ಣುಪರೀಕ್ಷೆ · ಜುಲೈ 25

ನಾನು ಕಣ್ಣು ಪರೀಕ್ಷೆ ಮಾಡುವವಳು. ತಮ್ಮಾ, ನಿನಗೆ ಸಕ್ಕರೆ ಕಾಯಿಲೆ ಇದೆಯಾ? ಕಣ್ಣಿನ ಆಪರೇಷನ್ ಏನಾದರೂ ಆಗಿದೆಯಾ? ಬೇರೆ ಮಾತ್ರೆ ತೆಗೆದುಕೊಳ್ಳುತ್ತಿದ್ದೀಯಾ? ಇದನ್ನು ಯಾರೂ ಕೇಳಲೇ ಇಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಚೆನ್ನಾಗಿರುವ ಕಣ್ಣಿಗೆ ಈ ಕನ್ನಡಕಗಳಿಂದ ಸಾಮಾನ್ಯವಾಗಿ ತೊಂದರೆ ಇಲ್ಲ. ಒಳ್ಳೆಯ ಕಂಪನಿಗಳು ಅತಿನೇರಳೆ ಕಿರಣ ಬರದ ಹಾಗೆ ಮಾಡಿರುತ್ತಾರೆ. ಮೊದಲ ಕೆಲವು ದಿನ ತಲೆನೋವು, ಕಣ್ಣು ಉರಿ, ಸ್ವಲ್ಪ ವಾಕರಿಕೆ, ಸುಮ್ನೆ ಒಂಥರಾ ಚಡಪಡಿಕೆ ಆಗಬಹುದು. ಬೆಳಕಿನ ಮಟ್ಟ ಇಳಿಸಿದರೆ ಅಥವಾ ಹೊತ್ತು ಕಡಿಮೆ ಮಾಡಿದರೆ ಹೆಚ್ಚಿನವರಿಗೆ ಹೋಗುತ್ತದೆ.

ಆದರೆ ಸಕ್ಕರೆ ಕಾಯಿಲೆಯಿಂದ ರೆಟಿನಾ (ಕಣ್ಣಿನ ಒಳಗಿನ ಹಿಂಬದಿಯ ಪರದೆ) ಕೆಟ್ಟವರು, ವಯಸ್ಸಾಗಿ ರೆಟಿನಾದ ನಡುಭಾಗ ಸವೆದವರು, ಈಗಷ್ಟೇ ಪೊರೆ ತೆಗೆಸಿದವರು ಕಣ್ಣಿನ ಡಾಕ್ಟರನ್ನು ಕೇಳದೆ ಹಾಕಲೇಬಾರದು. ಕೆಲವು ಮಾತ್ರೆಗಳು ಮೈಯನ್ನು ಬೆಳಕಿಗೆ ಸೂಕ್ಷ್ಮ ಮಾಡುತ್ತವೆ. ಹೃದಯದ ಬಡಿತಕ್ಕೆ ಕೊಡುವ ಅಮಿಯೋಡರೋನ್ ಅಂಥದ್ದು. ಮಳೆಗಾಲದಲ್ಲಿ ಇಲಿ ಜ್ವರಕ್ಕೆ ಕೊಡುವ ಡಾಕ್ಸಿಸೈಕ್ಲಿನ್ ಕೂಡ ಆ ಗುಂಪಿನದ್ದೇ. ಗದ್ದೆ ಕೆಲಸದವರು ಅದನ್ನು ತೆಗೆದುಕೊಂಡಿರುತ್ತಾರೆ, ಅದು ನೆನಪಿಗೂ ಬರುವುದಿಲ್ಲ. ಆದ್ದರಿಂದ ಮಾತ್ರೆಯ ಚೀಟಿ ಹಿಡಿದುಕೊಂಡೇ ಹೋಗಿ ಕೇಳಿ.

ನಾಪೋಕ್ಲು_ತೋಟದಮನೆ · ಜುಲೈ 25

ಇಲ್ಲ ಅಕ್ಕ, ಯಾವುದೂ ಇಲ್ಲ. ದೂರದ್ದು ಕಾಣಲು ಕನ್ನಡಕ ಇದೆ ಅಷ್ಟೇ. ಅದರ ಮೇಲೆಯೇ ಇದನ್ನು ಹಾಕುತ್ತೇನೆ.

ಭಾಗಮಂಡಲ_ಮಳೆ · ಜುಲೈ 26

ಮೇಷ್ಟ್ರೇ, "ಆಮೇಲೆ ಬರುತ್ತೇನೆ" ಅಂದಿರಿ, ಬರಲಿಲ್ಲ. ಹೊರಗೆ ಹೋದರೆ ಸಾಲದಾ? ಇಷ್ಟು ದುಡ್ಡು ಕೊಟ್ಟು ಈ ವಸ್ತು ಯಾಕೆ? ನಿಜವಾಗಿಯೂ ಕೇಳುತ್ತಿದ್ದೇನೆ. ನನ್ನ ಮಗಳೂ ಪಿಯುಸಿ ಓದುತ್ತಿದ್ದಾಳೆ, ರಾತ್ರಿ ಎರಡರ ತನಕ ನಿದ್ದೆ ಬಾರದು, ಬೆಳಗ್ಗೆ ಎಬ್ಬಿಸುವುದೇ ಒಂದು ಯುದ್ಧ.

ಮಡಿಕೇರಿ_ಬಯಾಲಜಿ_ಮೇಷ್ಟ್ರು · ಜುಲೈ 26

ಕ್ಷಮಿಸಿ, ಕರೆಂಟ್ ಹೋಗಿತ್ತು.

ನಿಮ್ಮ ಮಾತು ಸರಿ. ಹೊರಗಿನ ಬೆಳಕಿಗೆ ಸಮ ಯಾವುದೂ ಇಲ್ಲ. ಬಿಸಿಲಿನ ಮಧ್ಯಾಹ್ನ ಬಯಲಿನಲ್ಲಿ ಒಂದು ಲಕ್ಷ ಲಕ್ಸ್ (ಬೆಳಕು ಅಳೆಯುವ ಮಾನ) ಹತ್ತಿರ ಇರುತ್ತದೆ. ಮೋಡ ಮುಚ್ಚಿದ ದಿನವೂ ಕೆಲವು ಸಾವಿರ. ಮನೆಯೊಳಗೆ ಟ್ಯೂಬ್‌ಲೈಟ್ ಕೆಳಗೆ 100ರಿಂದ 300. ನಮ್ಮ ಕಣ್ಣು ಹೊಂದಿಕೊಂಡುಬಿಡುವುದರಿಂದ ಈ ವ್ಯತ್ಯಾಸ ನಮಗೆ ಕಾಣುವುದೇ ಇಲ್ಲ.

ನಿನ್ನೆ ಬೆಳಗ್ಗೆ ಎಂಟಕ್ಕೆ ಫೋನಿನ ಲಕ್ಸ್ ಮೀಟರ್ ಹಿಡಿದು ಮನೆ ಸುತ್ತ ಓಡಾಡಿದೆ. ಫೋನಿನದು ಪೂರ್ತಿ ನಿಖರ ಅಲ್ಲ, ಆದರೆ ಒಂದಕ್ಕೊಂದು ಹೋಲಿಸಲು ಸಾಕು. ಅಡುಗೆಮನೆ ಒಲೆಯ ಹತ್ತಿರ 60. ಊಟದ ಮೇಜು 110. ಜಗಲಿಯಲ್ಲಿ ಅಂಗಳದ ಕಡೆ ಮುಖ ಮಾಡಿದರೆ 1,400. ಕೊಡೆ ಹಿಡಿದು ಅಂಗಳದ ನಡುವೆ 2,600. ಕಾಫಿ ಗಿಡದ ನಡುವೆ, ಮರ ಕಪಾತು ಆಗದ (ಕೊಂಬೆ ಕಡಿಯದ) ಕಡೆ, 350! ಅಂದರೆ ನಾವು "ಹೊರಗೇ ಇದ್ದೇವೆ" ಅಂದುಕೊಂಡು ತೋಟದ ನೆರಳಿನಲ್ಲಿ ನಿಂತರೆ ಕಣ್ಣಿಗೆ ಸಿಗುವುದು ಆಫೀಸಿನ ಬೆಳಕು.

ನಿಮ್ಮ ಹಿರಿಯರು ನಿಂತದ್ದು ಗದ್ದೆಯಲ್ಲಿ. ತೆರೆದ ಆಕಾಶ, ಕೆಳಗೆ ಕನ್ನಡಿಯಂಥ ನೀರು, ಬೆಳಗ್ಗೆ ಏಳರಿಂದ ಸಂಜೆ ತನಕ. ಅವರಿಗೆ ಕನ್ನಡಕ ಯಾಕೆ ಬೇಕಿತ್ತು? ನಾವು ಗದ್ದೆ ಬಿಟ್ಟು ಮನೆಯೊಳಗೆ ಬಂದೆವು. ವಿಷಯ ಇರುವುದು ಅಲ್ಲಿ.

ಇನ್ನೊಂದು ಮಾತು ಹೇಳಲೇಬೇಕು. ಚಳಿಗಾಲದ ಖಿನ್ನತೆಯನ್ನು ನಾರ್ಮನ್ ರೋಸೆಂತಾಲ್ ತಂಡ 1984ರಲ್ಲಿ ಅಮೆರಿಕದಲ್ಲಿ ವಿವರಿಸಿತು. ಅಲ್ಲಿ ಚಳಿಗಾಲದಲ್ಲಿ ಹಗಲೇ ಚಿಕ್ಕದು. ನಮ್ಮಲ್ಲಿ ಹಾಗಲ್ಲ. ಮಡಿಕೇರಿಯಲ್ಲಿ ಅತಿ ಉದ್ದದ ಹಗಲಿಗೂ ಅತಿ ಚಿಕ್ಕ ಹಗಲಿಗೂ ಹೆಚ್ಚೆಂದರೆ ಒಂದೂವರೆ ಗಂಟೆ ವ್ಯತ್ಯಾಸ. ಅದೂ ಅತಿ ಉದ್ದದ ಹಗಲು ಬರುವುದು ಜೂನ್‌ನಲ್ಲಿ, ಮಳೆ ಹಿಡಿಯುವ ತಿಂಗಳಲ್ಲೇ. ಹಗಲು ಇದೆ, ಅದು ನಮ್ಮ ಕಣ್ಣಿಗೆ ಬರುವುದಿಲ್ಲ. ಆದ್ದರಿಂದ ಯುರೋಪಿನವರ ಸಲಹೆಯನ್ನು ಹಾಗೇ ತಂದು ಇಲ್ಲಿ ಹಚ್ಚಬಾರದು. ನಮಗೆ ಕಡಿಮೆ ಬಿದ್ದಿರುವುದು ಹೊರಗೆ ನಿಲ್ಲುವ ಹೊತ್ತು.

ನಿಮ್ಮ ಮಗಳಿಗೆ: ಏಳು ಗಂಟೆಗೆ ಎದ್ದ ಕೂಡಲೇ ಜಗಲಿಯಲ್ಲಿ, ಅಂಗಳಕ್ಕೆ ಮುಖ ಮಾಡಿ, ಕಾಫಿ ಕುಡಿಯುತ್ತಾ ಅರ್ಧ ಮುಕ್ಕಾಲು ಗಂಟೆ ಓದಲಿ. ರಾತ್ರಿ ಹತ್ತರ ನಂತರ ಫೋನ್ ಬೇರೆ ಕೋಣೆಯಲ್ಲಿ ಇರಲಿ. ಹದಿಹರೆಯದಲ್ಲಿ ಗಡಿಯಾರ ತಾನಾಗಿಯೇ ತಡ ಆಗುತ್ತದೆ, ಅವಳು ಸೋಮಾರಿ ಅಲ್ಲ. ಬೈಯಬೇಡಿ.

ಕುಶಾಲನಗರ_ಎಲೆಕ್ಟ್ರಿಕಲ್ · ಜುಲೈ 26

ಅಂಗಡಿಯಲ್ಲಿ ಇಬ್ಬರು ಬಂದು ಕೇಳಿದರು, ಎಲ್‌ಇಡಿ ಪಟ್ಟಿ ಟೋಪಿಗೆ ಅಂಟಿಸಿ ಕೊಡು ಅಂತ. ಮಾಡಬಹುದಾ ಸರ್? ಮೂರು ನೂರು ರೂಪಾಯಿಯಲ್ಲಿ ಆಗುತ್ತದೆ.

ವಿರಾಜಪೇಟೆ_ಕಣ್ಣುಪರೀಕ್ಷೆ · ಜುಲೈ 26

ದಯವಿಟ್ಟು ಮಾಡಬೇಡಿ ಅಣ್ಣ. ಒಂದು ಬಲ್ಬ್ ಎರಡು ಬೆರಳು ದೂರದಲ್ಲಿ ಕಣ್ಣಿಗೆ ಬಂದಾಗ ಪ್ರತಿ ಮಿಲಿಮೀಟರಿಗೂ ಲೆಕ್ಕ ಬದಲಾಗುತ್ತದೆ. ಕಂಪನಿಯವರು ಬೆಳಕನ್ನು ಹರಡಿ, ಕೋನ ಅಳೆದು, ಕಣ್ಣಿನ ಸುರಕ್ಷೆಯ ಪರೀಕ್ಷೆ ಮಾಡಿಸಿ ಮಾರುತ್ತಾರೆ. ಬರೀ ಎಲ್‌ಇಡಿಯ ಚುಕ್ಕಿ ನೇರ ಕಣ್ಣಿಗೆ ಕುಕ್ಕುತ್ತದೆ. ದುಡ್ಡು ಇಲ್ಲದವರಿಗೆ ಜಗಲಿ ಇದೆ, ಅದು ಪುಕ್ಕಟೆ.

ಕುಶಾಲನಗರ_ಎಲೆಕ್ಟ್ರಿಕಲ್ · ಜುಲೈ 26

ಸರಿ ಅಕ್ಕ. ಮಾಡುವುದಿಲ್ಲ. ಅವರಿಗೂ ಹೇಳುತ್ತೇನೆ.

ಆದರೆ ಒಂದು ಕೇಳಬೇಕು. ಮೇಜಿನ ಮೇಲೆ ಇಡುವ ದೊಡ್ಡ ದೀಪವೂ ಬರುತ್ತದಲ್ವಾ, 10,000 ಲಕ್ಸ್ ಅಂತ ಬರೆದಿರುತ್ತದೆ. ಕನ್ನಡಕದ ಡಬ್ಬಿಯ ಮೇಲೆ 500, 1,000, 1,500 ಅಷ್ಟೇ. ಹತ್ತು ಪಟ್ಟು ಕಡಿಮೆ. ಅದು ಹೇಗೆ ಸಮ ಆಗುತ್ತದೆ?

ಮಡಿಕೇರಿ_ಬಯಾಲಜಿ_ಮೇಷ್ಟ್ರು · ಜುಲೈ 27

ಬಹಳ ಒಳ್ಳೆಯ ಪ್ರಶ್ನೆ.

10,000 ಲಕ್ಸ್ ಅಂದರೆ ದೀಪದಿಂದ ಇಂತಿಷ್ಟು ದೂರದಲ್ಲಿ, ಸಾಮಾನ್ಯವಾಗಿ ಒಂದು ಅಡಿಯ ಆಸುಪಾಸು. ಎರಡು ಅಡಿ ಹಿಂದೆ ಸರಿದರೆ ಅರ್ಧಕ್ಕಿಂತ ಎಷ್ಟೋ ಕಡಿಮೆ. ಅರ್ಧ ಗಂಟೆ ಅಲ್ಲಾಡದೆ ಅದರ ಮುಂದೆ ಕೂರಬೇಕು. 5,000 ಆದರೆ ಒಂದು ಗಂಟೆ, 2,500 ಆದರೆ ಎರಡು ಗಂಟೆ, ಹೀಗೆ ಲೆಕ್ಕ. ಕನ್ನಡಕದಲ್ಲಿ ದೂರ ಬದಲಾಗುವುದಿಲ್ಲ, ನೀವು ತಲೆ ತಿರುಗಿಸಿದರೆ ಬೆಳಕೂ ಜೊತೆಗೇ ತಿರುಗುತ್ತದೆ. ಬೆಳಕು ನೀಲಿ ಕಡೆಯದ್ದು, ಗಡಿಯಾರದ ಕೋಶಗಳಿಗೆ ಚೆನ್ನಾಗಿ ತಾಗುತ್ತದೆ. ಬರೀ ಲಕ್ಸ್ ಅಂಕಿ ಈ ನೀಲಿಯ ಲೆಕ್ಕ ಹಿಡಿಯುವುದಿಲ್ಲ. ಅದಕ್ಕೇ ಈಗ ವಿಜ್ಞಾನಿಗಳು ಮೆಲನಾಪ್ಸಿನ್‌ಗೆ ತಕ್ಕ ಬೇರೆ ಅಳತೆ ಬಳಸುತ್ತಾರೆ. ಅದರ ಪ್ರಕಾರ ಹಗಲಲ್ಲಿ ಕಣ್ಣಿನ ಹತ್ತಿರ ಕನಿಷ್ಠ 250, ಮಲಗುವ ಮೂರು ಗಂಟೆ ಮೊದಲಿನಿಂದ 10ಕ್ಕಿಂತ ಕಡಿಮೆ, ಮಲಗಿದಾಗ 1ಕ್ಕಿಂತ ಕಡಿಮೆ ಎಂದು 2022ರಲ್ಲಿ ತಜ್ಞರ ಒಂದು ಗುಂಪು ಸಲಹೆ ಕೊಟ್ಟಿತು.

ಆದರೂ ಒಂದು ಮಾತು ಮುಚ್ಚಿಡಬಾರದು. ಖಿನ್ನತೆಯ ಮೇಲೆ ಆದ ಗಟ್ಟಿ ಅಧ್ಯಯನಗಳು ಹೆಚ್ಚಾಗಿ ದೊಡ್ಡ ದೀಪದ ಮೇಲೆ ಆದವು. ಕೆನಡಾದಲ್ಲಿ ರೇಮಂಡ್ ಲ್ಯಾಮ್ ತಂಡ 122 ರೋಗಿಗಳ ಮೇಲೆ ಮಾಡಿದ ಅಧ್ಯಯನ 2016ರಲ್ಲಿ ಬಂತು. ಋತುವಿಗೆ ಸಂಬಂಧ ಇಲ್ಲದ ಖಿನ್ನತೆಗೂ ಬೆಳಗಿನ ದೀಪ ಕೆಲಸ ಮಾಡಿತು. ದೀಪದ ಜೊತೆ ಫ್ಲುಆಕ್ಸಿಟಿನ್ ಎಂಬ ಖಿನ್ನತೆಯ ಮಾತ್ರೆ ಕೊಟ್ಟವರಿಗೆ ಅತಿ ಒಳ್ಳೆಯ ಫಲ ಸಿಕ್ಕಿತು. ಬೆಲ್ಜಿಯಂನ ಲುಮಿನೆಟ್, ಆಸ್ಟ್ರೇಲಿಯಾದ ಫ್ಲಿಂಡರ್ಸ್ ವಿಶ್ವವಿದ್ಯಾಲಯದಿಂದ ಹುಟ್ಟಿದ ರೀ-ಟೈಮರ್, ಇಂಥ ಕನ್ನಡಕಗಳ ಮೇಲಿನ ಅಧ್ಯಯನಗಳು ಚಿಕ್ಕವು. ನಿದ್ದೆಯ ಹೊತ್ತು ಸರಿಸಲು ನನಗೆ ಅವುಗಳ ಮೇಲೆ ನಂಬಿಕೆ ಇದೆ. ಆಳವಾದ ಖಿನ್ನತೆಗೆ ಇದೊಂದೇ ಸಾಕು ಎಂದು ನಾನು ಹೇಳುವುದಿಲ್ಲ. ಮಾತ್ರೆ ತೆಗೆದುಕೊಳ್ಳುತ್ತಿರುವವರು ಇದನ್ನು ನಂಬಿ ಮಾತ್ರೆ ನಿಲ್ಲಿಸಲೇಬೇಡಿ.

ನಮ್ಮ ಊರಿಗೆ ಕನ್ನಡಕದ ಒಂದು ಅನುಕೂಲ ಮಾತ್ರ ದೊಡ್ಡದು. ಜುಲೈನಲ್ಲಿ ಮರ ಬಿದ್ದು ಮೂರು ದಿನ ಕರೆಂಟ್ ಇಲ್ಲ ಅಂದರೆ ದೊಡ್ಡ ದೀಪ ಸುಮ್ನೆ ಕೂರುತ್ತದೆ. ಕನ್ನಡಕವನ್ನು ಪವರ್ ಬ್ಯಾಂಕ್‌ನಲ್ಲಿ ಚಾರ್ಜ್ ಮಾಡಬಹುದು.

ಸೋಮವಾರಪೇಟೆ_ಅಣ್ಣ · ಜುಲೈ 28

ಎರಡು ದಿನ ಯೋಚನೆ ಮಾಡಿ ಬರೆಯುತ್ತಿದ್ದೇನೆ.

ನನ್ನ ತಂಗಿಗೆ ಬೈಪೋಲಾರ್ ಇದೆ. ಕೆಲವು ತಿಂಗಳು ಪೂರ್ತಿ ಕುಗ್ಗಿರುತ್ತಾಳೆ, ಕೆಲವು ವಾರ ವಿಪರೀತ ಉತ್ಸಾಹ. ಹೋದ ವರ್ಷ ಕುಗ್ಗಿದಾಗ ನಾವೇ ಎಲ್ಲೋ ಓದಿ ಬೆಳಕಿನ ದೀಪ ತರಿಸಿದೆವು. ಡಾಕ್ಟರಿಗೆ ಹೇಳಲಿಲ್ಲ, ಬೆಳಕು ತಾನೇ, ಏನಾಗುತ್ತದೆ ಅಂದುಕೊಂಡೆವು. ಬೆಳಗ್ಗೆ ಆರಕ್ಕೆ ಅರ್ಧ ಗಂಟೆ. ನಾಲ್ಕನೇ ದಿನ ಎದ್ದು ತಾನೇ ರೊಟ್ಟಿ ತಟ್ಟಿದಳು. ನಾವೆಲ್ಲ ಎಷ್ಟು ಖುಷಿಪಟ್ಟೆವು! ಎಂಟನೇ ದಿನ ರಾತ್ರಿ ಎರಡು ಗಂಟೆ ಮಾತ್ರ ಮಲಗಿದಳು. ಹತ್ತನೇ ದಿನ ಬೆಳಗಿನ ಜಾವ ಮೂರಕ್ಕೆ ಅಟ್ಟದ ಸಾಮಾನೆಲ್ಲ ಅಂಗಳಕ್ಕೆ ಇಳಿಸಿ, ಹೋಂಸ್ಟೇ ಶುರು ಮಾಡುತ್ತೇನೆ ಅಂತ ಮಳೆಯಲ್ಲಿ ನಿಂತಿದ್ದಳು. ಆಸ್ಪತ್ರೆಗೆ ಸೇರಿಸಬೇಕಾಯಿತು.

ಡಾಕ್ಟರ್ ಆಮೇಲೆ ಹೇಳಿದರು, ಬೈಪೋಲಾರ್ ಇದ್ದವರಿಗೂ ಬೆಳಕು ಕೊಡುವುದುಂಟು, ಆದರೆ ಮನಸ್ಸು ಹತೋಟಿಯಲ್ಲಿಡುವ ಮಾತ್ರೆ ನಡೆಯುತ್ತಿರಬೇಕು, ಬೆಳಗ್ಗೆಯ ಬದಲು ಮಧ್ಯಾಹ್ನದ ಹೊತ್ತಿಗೆ, ಕಡಿಮೆ ನಿಮಿಷದಿಂದ ಶುರು ಮಾಡಿ, ಅವರು ನೋಡುತ್ತಾ ಇರಬೇಕು ಅಂತ. ಈಗ ತಂಗಿ ಚೆನ್ನಾಗಿದ್ದಾಳೆ. ಬೆಳಕು ಔಷಧಿಯ ಹಾಗೆ ಕೆಲಸ ಮಾಡುತ್ತದೆ ಅಂದ ಮೇಲೆ ಔಷಧಿಯ ಹಾಗೆ ಕೇಳಿಯೇ ತೆಗೆದುಕೊಳ್ಳಬೇಕಲ್ವಾ. ಮನೆಯಲ್ಲಿ ಯಾರಿಗಾದರೂ ಈ ಕಾಯಿಲೆ ಇದ್ದರೆ, ಹಿಂದೆ ಯಾವಾಗಲಾದರೂ ನಿದ್ದೆಯೇ ಬೇಡ ಎನ್ನುವಷ್ಟು ಉತ್ಸಾಹ ಬಂದಿದ್ದರೆ, ಮೊದಲು ಅದನ್ನು ಡಾಕ್ಟರಿಗೆ ಹೇಳಿ.

ನಾಪೋಕ್ಲು_ತೋಟದಮನೆ · ಜುಲೈ 28

ಅಣ್ಣ, ಇದನ್ನು ಬರೆದಿದ್ದಕ್ಕೆ ಧನ್ಯವಾದ. ಸುಲಭ ಆಗಿರಲಿಕ್ಕಿಲ್ಲ. ನಮ್ಮ ಮನೆಯಲ್ಲಿ ಅಂಥದ್ದು ಇಲ್ಲ, ಅಪ್ಪನನ್ನೂ ಕೇಳಿದೆ.

ಮಾದಾಪುರ_ಹೊಳೆದಂಡೆ · ಜುಲೈ 29

ನಾನು ಬೇರೆ ಒಂದು ವಿಷಯ ಹೇಳಬೇಕು. ನಮಗೂ ಮಳೆಗಾಲದಲ್ಲಿ ನಿದ್ದೆ ಬರುವುದಿಲ್ಲ. ಅದು ಬೆಳಕಿನದ್ದಲ್ಲ.

2018ರ ಆಗಸ್ಟ್‌ನಲ್ಲಿ ನಮ್ಮ ಮನೆಯ ಹಿಂದಿನ ಗುಡ್ಡ ಜಾರಿತು. ಮನೆ ಹೋಯಿತು, ಜೀವ ಉಳಿಯಿತು. ಇವತ್ತಿಗೂ ರಾತ್ರಿ ಮಳೆ ಜೋರಾದರೆ ನನ್ನ ಅಮ್ಮ ಬಟ್ಟೆಯ ಚೀಲ ಪಕ್ಕದಲ್ಲಿಟ್ಟುಕೊಂಡು ಬಾಗಿಲ ಹತ್ತಿರ ಕೂರುತ್ತಾರೆ. ಹೊಳೆಯ ಸದ್ದು ಸ್ವಲ್ಪ ಬದಲಾದರೂ ಎದ್ದು ಟಾರ್ಚ್ ಹಿಡಿಯುತ್ತಾರೆ. ಎಲ್ಲರೂ "ಮಳೆಗಾಲದ ಬೇಜಾರು" ಅಂತ ಒಂದೇ ಹೆಸರು ಹೇಳುತ್ತೀರಿ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಇರುವುದು ಬೇಜಾರಲ್ಲ, ಭಯ. ಅವರಿಗೆ ಯಾರಾದರೂ ಕನ್ನಡಕ ಕೊಡಿಸಿ ಸುಮ್ಮನಾದರೆ ನನಗೆ ಬಹಳ ನೋವಾಗುತ್ತದೆ.

ನಾವು 14416ಕ್ಕೆ ಫೋನ್ ಮಾಡಿದೆವು. ಟೆಲಿ ಮಾನಸ್ ಅಂತ ಸರ್ಕಾರದ್ದು, ಪುಕ್ಕಟೆ, ಕನ್ನಡದಲ್ಲೇ ಮಾತಾಡುತ್ತಾರೆ. ರಾತ್ರಿ ಹನ್ನೊಂದಕ್ಕೂ ಎತ್ತಿದರು. ಅಮ್ಮ ಮೊದಲ ಸಲ ಆ ರಾತ್ರಿಯ ವಿಷಯ ಪೂರ್ತಿ ಹೇಳಿದ್ದು ಆ ಫೋನಿನಲ್ಲಿ. ನಾನು ಪಕ್ಕದಲ್ಲಿ ಕೂತು ಕೇಳಿದೆ, ನನಗೂ ಗೊತ್ತಿರದ ವಿಷಯ ಇತ್ತು ಅದರಲ್ಲಿ. ಈಗ ಮಡಿಕೇರಿಯಲ್ಲಿ ತೋರಿಸುತ್ತಿದ್ದೇವೆ.

ಮಡಿಕೇರಿ_ಬಯಾಲಜಿ_ಮೇಷ್ಟ್ರು · ಜುಲೈ 29

ತಾಯಿ, ನೀವು ಹೇಳಿದ್ದು ಸರಿ. ನಾನು ಬೆಳಕಿನ ಲೆಕ್ಕದಲ್ಲೇ ಮುಳುಗಿದ್ದೆ, ಇದನ್ನು ನಾನೇ ಮೊದಲು ಹೇಳಬೇಕಿತ್ತು. ಅಮ್ಮನಿಗೆ ನನ್ನ ನಮಸ್ಕಾರ ತಿಳಿಸಿ.

ಶನಿವಾರಸಂತೆ_ಮೊಮ್ಮಗಳು · ಆಗಸ್ಟ್ 2

ಸರ್, ಅಜ್ಜಿಗೆ 78. ಸಂಜೆ ಏಳೂವರೆಗೆ ಕಣ್ಣು ಮುಚ್ಚಿಹೋಗುತ್ತದೆ. ರಾತ್ರಿ ಎರಡೂವರೆ ಮೂರಕ್ಕೆ ಎದ್ದು ಒಲೆ ಹಚ್ಚುತ್ತಾರೆ, ಆಮೇಲೆ ಎಲ್ಲರೂ ಏಳುವ ತನಕ ಒಬ್ಬರೇ. ಬೆಳಗ್ಗೆ ಕನ್ನಡಕ ಹಾಕಿಸಲಾ?

ಮಡಿಕೇರಿ_ಬಯಾಲಜಿ_ಮೇಷ್ಟ್ರು · ಆಗಸ್ಟ್ 2

ಬೆಳಗಿನ ಜಾವ ಹಾಕಿಸಿದರೆ ಇನ್ನೂ ಬೇಗ ಏಳುತ್ತಾರಮ್ಮ. ಅಜ್ಜಿಯ ಗಡಿಯಾರ ಮುಂದೆ ಓಡಿದೆ. ಇವರಿಗೆ ಬೆಳಕು ಬೇಕಾಗಿರುವುದು ಸಂಜೆ. ಐದರಿಂದ ಆರೂವರೆ ತನಕ ಜಗಲಿಯಲ್ಲಿ ಕೂರಿಸಿ, ಕತ್ತಲಾದ ಮೇಲೆ ಎಂಟೂವರೆ ತನಕ ಕೋಣೆಯಲ್ಲಿ ಜೋರು ಲೈಟ್, ಜೊತೆಗೆ ಮಾತಿಗೆ ಯಾರಾದರೂ. ಬೆಳಗಿನ ಜಾವ ಎದ್ದರೆ ಮಂಕು ಹಳದಿ ದೀಪ ಮಾತ್ರ, ಬಚ್ಚಲಿಗೆ ಹೋಗುವಾಗ ಬೀಳದ ಹಾಗೆ. ಕನ್ನಡಕದ ಯೋಚನೆ ಕಣ್ಣು ತೋರಿಸಿದ ಮೇಲೆ. ಇನ್ನೊಂದು, ಬೆಳಗಿನ ಜಾವ ಎಚ್ಚರ ಆಗುವುದು ಖಿನ್ನತೆಯ ಲಕ್ಷಣವೂ ಆಗಿರಬಹುದು. ಊಟ ಸೇರುತ್ತಿದೆಯಾ, ಮೊದಲಿನ ಹಾಗೆ ಮಾತಾಡುತ್ತಾರಾ, ಸ್ವಲ್ಪ ಗಮನಿಸಿ.

ಶನಿವಾರಸಂತೆ_ಮೊಮ್ಮಗಳು · ಆಗಸ್ಟ್ 2

ಊಟ ಚೆನ್ನಾಗಿ ಮಾಡುತ್ತಾರೆ ಸರ್. ಮಾತು ಮೊದಲಿಗಿಂತ ಜಾಸ್ತಿ. ಕೇಳಲು ಆ ಹೊತ್ತಿನಲ್ಲಿ ಯಾರೂ ಇರುವುದಿಲ್ಲ, ಅದೇ ತೊಂದರೆ. ಸಂಜೆಯದ್ದು ಮಾಡಿ ನೋಡುತ್ತೇವೆ.

ನಾಪೋಕ್ಲು_ತೋಟದಮನೆ · ಆಗಸ್ಟ್ 14

ವರದಿ ಕೊಡಲು ಬಂದೆ.

ಜುಲೈ 27ಕ್ಕೆ ಶುರು ಮಾಡಿದೆ. ಎದ್ದ ಹತ್ತು ನಿಮಿಷದೊಳಗೆ ಕನ್ನಡಕ, ನಡುವಿನ ಮಟ್ಟದಲ್ಲಿ ಅರ್ಧ ಗಂಟೆ. ಆ ಹೊತ್ತಿನಲ್ಲಿ ಸುಮ್ಮನೆ ಕೂರುವುದಿಲ್ಲ, ಕೋಳಿಗೆ ಕಾಳು ಹಾಕುತ್ತೇನೆ, ಕಾಫಿ ಮಾಡುತ್ತೇನೆ. ಆಮೇಲೆ ಕನ್ನಡಕ ತೆಗೆದಿಟ್ಟು, ಮಳೆ ಇರಲಿ ಬಿಡಲಿ, ಕೊಡೆ ಹಿಡಿದು ಗೇಟಿನ ತನಕ ಹೋಗಿ ಗದ್ದೆ ಬದಿಯಲ್ಲಿ ಇಪ್ಪತ್ತು ನಿಮಿಷ. ಮೊದಲ ಮೂರು ದಿನ ಕಣ್ಣಿನ ಹಿಂದೆ ನೋವು ಇತ್ತು, ಅಕ್ಕ ಹೇಳಿದ ಹಾಗೆ ಮಟ್ಟ ಇಳಿಸಿದೆ, ಹೋಯಿತು.

ನೋಟ್‌ಬುಕ್ಕಿನಿಂದ ಇಳಿಸುತ್ತಿದ್ದೇನೆ. ಎಡಗಡೆ ಅಪ್ಪನ ಅಕ್ಷರ, ಬಲಗಡೆ ನನ್ನದು. ಜುಲೈ 27: ಮಳೆ 3 ಇಂಚು 10 ಸೆಂಟ್, ನಿದ್ದೆ ಹತ್ತಿದ್ದು 7.10, ಎದ್ದಿದ್ದು 3. ಜುಲೈ 31: 5 ಇಂಚು 45, ನಿದ್ದೆ 6.20, ಎದ್ದಿದ್ದು 2.15. ಆಗಸ್ಟ್ 3: ನಿದ್ದೆ 7, ಎದ್ದಿದ್ದು 3. ಅವತ್ತು ಕಕ್ಕಡ ಪದಿನೆಟ್ಟ್ (ಕಕ್ಕಡ ತಿಂಗಳ ಹದಿನೆಂಟನೇ ದಿನದ ಹಬ್ಬ), ನೆಂಟರು ಬಂದಿದ್ದರು, ಮದ್ದು ಸೊಪ್ಪಿನ ಪಾಯಸ, ಜೋರು ಲೈಟ್ ಹಾಕಿಕೊಂಡು ಬೆಳಗಿನ ತನಕ ಮಾತು. ಒಂದೇ ರಾತ್ರಿಗೆ ವಾರದ ಕೆಲಸ ಹಿಂದೆ ಹೋಯಿತು. ಆಗಸ್ಟ್ 9: 5.15, 1. ನಿನ್ನೆ: 4.20, 12.10.

ಮನಸ್ಸಿನ ವಿಷಯ. ಪೂರ್ತಿ ಸರಿಯಾಗಿದೆ ಅನ್ನಲಾರೆ. ಆದರೆ ಮೊನ್ನೆ ಅಕ್ಕನ ಫೋನ್ ಮೊದಲ ರಿಂಗಿಗೇ ಎತ್ತಿದೆ. ಎತ್ತಿದ ಮೇಲೆ ನನಗೇ ಗೊತ್ತಾಯಿತು. ಬೆಳಕಿನಿಂದ ಆಯ್ತೋ, ದಿನಾ ಗೇಟಿನ ತನಕ ನಡೆದಿದ್ದರಿಂದ ಆಯ್ತೋ, ಅಪ್ಪನ ಜೊತೆ ಮಧ್ಯಾಹ್ನದ ಊಟ ಸಿಗುತ್ತಿರುವುದರಿಂದ ಆಯ್ತೋ, ಬಿಡಿಸಿ ಹೇಳಲು ನನಗೆ ಬರುವುದಿಲ್ಲ. ಮಡಿಕೇರಿಯಲ್ಲಿ ಡಾಕ್ಟರ್ ಹತ್ತಿರವೂ ಒಮ್ಮೆ ಹೋಗಿ ಬಂದೆ. ನೋಟ್‌ಬುಕ್ಕಿನ ಫೋಟೋ ತೋರಿಸಿದೆ. ಅವರು ಪೂರ್ತಿ ಓದಿ, ಇದನ್ನು ಮುಂದುವರಿಸಿ, ತಿಂಗಳು ಬಿಟ್ಟು ಬನ್ನಿ ಅಂದರು.

ಭಾಗಮಂಡಲ_ಮಳೆ · ಆಗಸ್ಟ್ 15

ಖುಷಿಯಾಯ್ತು ತಮ್ಮಾ. ಮಗಳು ಈಗ ಜಗಲಿಯಲ್ಲಿ ಓದುತ್ತಾಳೆ. ಹನ್ನೆರಡೂವರೆಗೆ ಮಲಗುತ್ತಾಳೆ. ಬೈಯುವುದನ್ನೂ ನಿಲ್ಲಿಸಿದ್ದೇನೆ ಮೇಷ್ಟ್ರೇ.

ನಾಪೋಕ್ಲು_ತೋಟದಮನೆ · ಸೆಪ್ಟೆಂಬರ್ 6

ಕೈಲ್‌ಪೊಳ್ದ್ ಹಬ್ಬ ಮುಗಿಯಿತು. ಮೂರು ದಿನದಿಂದ ಮಧ್ಯಾಹ್ನ ಬಿಸಿಲು. ಹನ್ನೆರಡಕ್ಕೆ ಎದ್ದು ನೇರ ಅಂಗಳಕ್ಕೆ ಹೋಗುತ್ತೇನೆ, ಕನ್ನಡಕ ಹಾಕುತ್ತಿಲ್ಲ. ಇವತ್ತು ಅಪ್ಪ ಮಳೆಯ ಕಾಲಂನಲ್ಲಿ ಸೊನ್ನೆ ಬರೆದು, ನನ್ನ ಕಾಲಂ ನೋಡಿ, "ನಿನ್ನದು ಎಷ್ಟಪ್ಪಾ ಇವತ್ತು?" ಅಂತ ಕೇಳಿದರು. ಅವರಾಗಿ ಕೇಳಿದ್ದು ಇದೇ ಮೊದಲು. 4.10, 11.50 ಅಂದೆ. ಅವರೇ ಬರೆದರು.

ವಿರಾಜಪೇಟೆ ಅಕ್ಕ, ಈ ಬೆಳಕಿನ ಕನ್ನಡಕ ಒಮ್ಮೆ ನಿಮಗೆ ತೋರಿಸಬೇಕು. ಬುಧವಾರ ಸಂತೆಗೆ ಬರುವಾಗ ತರಲಾ? ಮಧ್ಯಾಹ್ನ ಎರಡರ ಮೇಲೆ ಬರುತ್ತೇನೆ.

ವಿರಾಜಪೇಟೆ_ಕಣ್ಣುಪರೀಕ್ಷೆ · ಸೆಪ್ಟೆಂಬರ್ 6

ತಾ. ನಿನ್ನ ದೂರದ ಕನ್ನಡಕವನ್ನೂ ತಾ, ನಂಬರ್ ಬದಲಾಗಿದೆಯಾ ನೋಡಿಬಿಡೋಣ.